ನರವಿಕಾಸದ ತೊಂದರೆಗಳು: ಚಿಕಿತ್ಸೆ ಮತ್ತು ಆಸರೆಯ ಚರಿತ್ರೆ (ಸೊಲ್ಲಾಪುರ–ಅಕ್ಕಲಕೋಟ ಗಡಿಭಾಗ)

ಮಿದುಳು ಬೆಳೆಯುವ ಹಂತದಲ್ಲೇ ಆಗುವ ವ್ಯತ್ಯಾಸಗಳಿಂದ ಮಗುವಿನ ಮಾತು, ಗಮನ, ಕಲಿಕೆ, ಒಡನಾಟಗಳಲ್ಲಿ ಕಾಣಿಸಿಕೊಳ್ಳುವ ಸ್ಥಿತಿಗಳಿಗೆ ನರವಿಕಾಸದ ತೊಂದರೆಗಳು ಎಂದು ಹೆಸರು. ಆಟಿಸಂ (ಒಡನಾಟ, ಸಂವಹನದ ತೊಂದರೆ), ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆ), ಡಿಸ್ಲೆಕ್ಸಿಯಾ (ಓದಿನ ತೊಂದರೆ), ಬೌದ್ಧಿಕ ಅಸಾಮರ್ಥ್ಯ ಇವುಗಳಲ್ಲಿ ಮುಖ್ಯವಾದವು. ಮಗುವನ್ನು ಪರೀಕ್ಷಿಸುವುದೂ ಅದಕ್ಕೆ ಕಲಿಸುವುದೂ ಬಹುಮಟ್ಟಿಗೆ ಮಾತಿನ ಮೂಲಕವೇ ನಡೆಯುತ್ತವೆ. ಆದ್ದರಿಂದ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪೇಟೆಯಲ್ಲಿ ತೆಲುಗು, ಹಿಂದಿ ಕೇಳಿಬರುವ ಸೊಲ್ಲಾಪುರ, ಅಕ್ಕಲಕೋಟದಂಥ ಕಡೆ ಮಗುವಿಗೆ ಯಾವ ಭಾಷೆಯಲ್ಲಿ ನೆರವು ಸಿಗುತ್ತದೆ ಎಂಬುದೇ ಮೊದಲ ಪ್ರಶ್ನೆ.

ಈ ಭಾಗಕ್ಕೆ ಸಲ್ಲುವ ಮೊದಲ ದೊಡ್ಡ ಕೆಲಸ ನಡೆದದ್ದು ಧಾರವಾಡದಲ್ಲಿ. ಧಾರವಾಡ, ಸೊಲ್ಲಾಪುರಗಳೆರಡೂ ಮುಂಬಯಿ ಪ್ರಾಂತದಲ್ಲಿದ್ದ 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಸ್ಟ್ಯಾನ್‌ಫೋರ್ಡ್–ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಟ್ಟಿಗೇ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಭಾರತದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಆದರೆ ಅಳತೆ ಬಂದಷ್ಟು ಬೇಗ ನೆರವು ಬರಲಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮಾತು ಮತ್ತು ಶ್ರವಣದ ತೊಂದರೆಗಳಿಗಾಗಿ ಮೈಸೂರಿನ ವಾಕ್ ಶ್ರವಣ ಸಂಸ್ಥೆ 1960ರ ದಶಕದಲ್ಲಿ ಹುಟ್ಟಿತು. ಸೊಲ್ಲಾಪುರಕ್ಕೆ ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ.

ಕನ್ನಡದ ಮಟ್ಟಿಗೆ ಹೆಚ್ಚು ಫಲ ಕೊಟ್ಟದ್ದು ಓದಿನ ಸಂಶೋಧನೆ. 1993ರಲ್ಲಿ ಎಸ್. ರಮಾ, ಟಿ. ಆರ್. ಮೈಲ್ಸ್, ಎಂ. ಎಸ್. ಲಲಿತಮ್ಮ ಅವರು ಕನ್ನಡ ಓದುವ ಮಕ್ಕಳಲ್ಲಿ ಡಿಸ್ಲೆಕ್ಸಿಯಾ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಪ್ರಕಟಿಸಿದರು. ಸೋನಾಲಿ ನಾಗ್ ಅವರ 2007ರ ಅಧ್ಯಯನ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿತು: ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರ ಸಾಕು, ಕನ್ನಡ ಕಲಿಯುವ ಮಗುವಿನ ಮುಂದೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳಿರುತ್ತವೆ, ಅವುಗಳ ಮೇಲೆ ಹಿಡಿತ ಬರಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು. ಹಾಗಾಗಿ ಎರಡನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗುವಿಗೆ ಇಂಗ್ಲಿಷಿನ ಅಳತೆಗೋಲು ಹಿಡಿದು ಡಿಸ್ಲೆಕ್ಸಿಯಾ ಎಂದು ಹೇಳಿಬಿಡುವುದು ಅನ್ಯಾಯ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷಾ ಸಾಧನ ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲೂ ಇದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪುಸ್ತಕ ಹಿಡಿದು ಓದುವ ಅಕ್ಕಲಕೋಟದ ಮಗುವಿಗೆ ಇದಕ್ಕಿಂತ ಹೊಂದುವ ಸಾಧನ ಸಿಗುವುದು ಕಷ್ಟ.

ಔಷಧಿಯ ಕಥೆ ಚಿಕ್ಕದು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಉತ್ತೇಜಕ ಔಷಧಿಯಿಂದ ಮಕ್ಕಳ ವರ್ತನೆ, ಓದು ಸುಧಾರಿಸಿದ್ದನ್ನು ಗಮನಿಸಿದರು. ಎಡಿಎಚ್‌ಡಿಗೆ ಆ ಬಗೆಯ ಔಷಧಿ ಇಂದು ನೆಲೆನಿಂತಿದೆ. ಆಟಿಸಂನ ಮೂಲ ಲಕ್ಷಣಗಳನ್ನು ಹೋಗಲಾಡಿಸುವ ಔಷಧಿ ಇನ್ನೂ ಇಲ್ಲ. ಬಹಳ ಭರವಸೆ ಹುಟ್ಟಿಸಿದ್ದ ಬುಮೆಟನೈಡ್ ದೊಡ್ಡ ಪ್ರಯೋಗಗಳಲ್ಲಿ ಫಲ ತೋರದೆ 2021ರಲ್ಲಿ ಕೈಬಿಟ್ಟುಹೋಯಿತು. ಆಟಿಸಂಗೆ ಕಾಂಡಕೋಶ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರಲ್ಲಿ ಹೇಳಿದೆ. ಹೊಲ, ಒಡವೆ ಅಡವಿಟ್ಟು ಇಂಥ ಚಿಕಿತ್ಸೆಗೆ ದೂರದ ಊರಿಗೆ ಹೊರಡುವ ಮುನ್ನ ತಂದೆತಾಯಿ ಇದನ್ನು ತಿಳಿದಿರಬೇಕು.

ನಮ್ಮ ಹಳ್ಳಿಗಳ ಮಟ್ಟಿಗೆ ನಿಜವಾದ ಹೊಸ ದಾರಿ ತೆರೆದದ್ದು ಗೋವಾದ ಸಂಗಾತ್ ಸಂಸ್ಥೆ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ ತಂಡ ಕೂಡಿ ನಡೆಸಿದ ‘ಪಾಸ್’ ಪ್ರಯೋಗ. ಅದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆಟಿಸಂ ಇರುವ 65 ಮಕ್ಕಳು ಅದರಲ್ಲಿದ್ದರು. ವಿಶೇಷ ತಜ್ಞರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಆರು ತಿಂಗಳಲ್ಲಿ 12 ಬಾರಿ ಕುಟುಂಬವನ್ನು ಕಂಡರು. ತಾಯಿ ಮಗುವಿನ ಜೊತೆ ಆಡುವುದನ್ನು ವಿಡಿಯೊ ಮಾಡಿ, ತಾಯಿ, ಕಾರ್ಯಕರ್ತರು ಇಬ್ಬರೂ ಕೂತು ನೋಡಿ, ಮಗು ಯಾವಾಗ ಕೈಚಾಚಿತು, ಯಾವಾಗ ಕಣ್ಣೆತ್ತಿತು, ಆಗ ಏನು ಮಾಡಬಹುದಿತ್ತು ಎಂದು ಮಾತಾಡುವುದೇ ಅದರ ಕ್ರಮ. ಪಾಲಕರು ಮಗುವಿನ ಸನ್ನೆಗೆ ಸ್ಪಂದಿಸುವುದೂ ಮಗು ತಾನಾಗಿ ಸಂಪರ್ಕಕ್ಕೆ ಮುಂದಾಗುವುದೂ ಹೆಚ್ಚಿದವು. ಮಾತು ಕಲಿಯುವುದರಲ್ಲಿ ಮಾತ್ರ ಸ್ಪಷ್ಟ ಲಾಭ ಕಾಣಲಿಲ್ಲ. ಮನೆಯಲ್ಲಿ ಒಂದೇ ಭಾಷೆ ಆಡಿ ಎಂಬ ಹಳೆಯ ಸಲಹೆಗೂ ಆಧಾರವಿಲ್ಲ: ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಗುವಿಗೆ ಹಾನಿಯಿಲ್ಲ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಅವ್ವ ಕನ್ನಡದಲ್ಲೇ ಮಾತಾಡಲಿ.

ಕಾನೂನಿನ ಬೆಂಬಲವೂ ಬಂದಿದೆ. ಕಲಿಕೆಯ ತೊಂದರೆಯಿರುವ ಮಕ್ಕಳಿಗೆ ಮಹಾರಾಷ್ಟ್ರ 1990ರ ದಶಕದಲ್ಲೇ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ರಿಯಾಯಿತಿ ಕೊಟ್ಟಿತು. 2013ರಲ್ಲಿ ಅದೇ ರಾಜ್ಯದ ಪಾಲಘರದಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಲ್ಲಿ ತಪಾಸಣೆ ಮಾಡಿ, ಅಗತ್ಯವಿದ್ದ ಮಕ್ಕಳನ್ನು ಜಿಲ್ಲಾ ಶೀಘ್ರ ನೆರವು ಕೇಂದ್ರಕ್ಕೆ ಕಳಿಸುವ ಏರ್ಪಾಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆಗಳೂ ಸೇರಿವೆ. ಮಗು ಹೆಸರು ಕರೆದರೆ ತಿರುಗದಿದ್ದರೆ, ಮಾತು ತಡವಾದರೆ, ‘ದೊಡ್ಡವನಾದ್ರ ಸರಿಯಾಗ್ತಾನ’ ಎಂದು ಕಾಯದೆ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ತಪಾಸಣೆ ಕೇಳಿ ಪಡೆಯಿರಿ.