ನಗರದ ಅಗತ್ಯ, ಗ್ರಾಮದ ನೆಲ: ಕಲಬುರಗಿ–ಕಮಲಾಪುರ ಪರಿಸರದ ಒಂದು ವಿಚಾರ

ಕರ್ನಾಟಕದ ದತ್ತಿಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯ ಭಾಗದ ಸ್ವರೂಪ ಪರಿಚಿತವೇ ಆಗಿದೆ. ಅರಸನ ಪ್ರಶಸ್ತಿ, ದಾನಿಯ ವಂಶ, ಆಚಾರ್ಯರ ಗುರುಪರಂಪರೆ ಇವೆಲ್ಲ ಮುಗಿದ ಮೇಲೆ ಶಾಸನ ನೆಲದ ವಿಚಾರಕ್ಕೆ ಬರುತ್ತದೆ. ಇಂಥ ಗಳೆಯ ಅಳತೆಯಲ್ಲಿ ಇಷ್ಟು ಮತ್ತರು ಕೆಯ್. ಮೂಡಲು ಹಳ್ಳ, ತೆಂಕಲು ಬಟ್ಟೆ, ಪಡುವಲು ನಟ್ಟ ಕಲ್ಲು ಎಂಬ ರೀತಿಯಲ್ಲಿ ಎಲ್ಲೆಗಳು. ಅಲ್ಲಿಂದ ಬರುವ ಆದಾಯ ಅಷ್ಟವಿಧಾರ್ಚನೆಗೋ, ಋಷಿಯರ ಆಹಾರದಾನಕ್ಕೋ, ಬಸದಿಯ ಜೀರ್ಣೋದ್ಧಾರಕ್ಕೋ ಎಂಬ ನಿರ್ದೇಶ. ಅಳತೆ, ಎಲ್ಲೆ, ವಿನಿಯೋಗ ಎಂಬ ಈ ಮೂರು ಅಂಗಗಳು ವಿವರವಾದ ದತ್ತಿಗಳಲ್ಲಿ ಜೊತೆಯಾಗಿಯೇ ಬರುತ್ತವೆ. ಸಾಹಿತ್ಯದ ವಿದ್ಯಾರ್ಥಿಗಳು ಕಂದ, ವೃತ್ತಗಳನ್ನು ಓದಿ ಈ ಗದ್ಯಭಾಗವನ್ನು ದಾಟಿಹೋಗುವುದುಂಟು. ಆದರೆ ನಗರವೊಂದು ತನ್ನ ಸುತ್ತಣ ಹಳ್ಳಿಗಳ ಸಾರ್ವಜನಿಕ ಭೂಮಿಯನ್ನು ಹೇಗೆ ಬಳಸಬೇಕು ಎಂಬ ಇಂದಿನ ಪ್ರಶ್ನೆಯನ್ನು ಸರಿಯಾಗಿ ಕೇಳಲು ಈ ಗದ್ಯಭಾಗವೇ ನೆರವಾಗುತ್ತದೆ.

ಕಲಬುರಗಿ ಜಿಲ್ಲೆಯಲ್ಲಿ ಇಂಥ ಆಕರಗಳಿಗೆ ಕೊರತೆಯಿಲ್ಲ. ಪಿ.ಬಿ. ದೇಸಾಯಿಯವರು ೧೯೫೭ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಭಾಗದ ಜೈನಶಾಸನಗಳನ್ನು ವಿಸ್ತಾರವಾಗಿ ಪರಿಚಯಿಸಿದ್ದಾರೆ. ಸೇಡಂ, ಮಳಖೇಡ, ಹರಸೂರು, ಹುಣಸಿ ಹಡಗಿಲಗಳ ಹೆಸರುಗಳು ಅಲ್ಲಿಂದಲೇ ವಿದ್ವಾಂಸರಿಗೆ ಪರಿಚಿತವಾದವು. ಇವುಗಳಲ್ಲಿ ಸೇಡಂನ ೧೧೨೪ರ ಶಾಸನ ವಿಶೇಷ ಗಮನಕ್ಕೆ ಅರ್ಹವಾದುದು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕೊನೆಯ ವರ್ಷಗಳವು. ಸೇಡಿಂಬದ ಮುನ್ನೂರ್ವರು ಮಹಾಜನರು ವೇದವಿದ್ಯಾಪಾರಂಗತರು, ನಾರಾಯಣನ ಭಕ್ತರು. ಆದರೂ ಅವರೇ ಕೂಡಿ ಶಾಂತಿನಾಥ ಬಸದಿಯನ್ನು ಮಾಡಿಸಿ ದತ್ತಿಯನ್ನು ಬಿಟ್ಟರು. ಇದನ್ನು ಮತಸಾಮರಸ್ಯದ ನಿದರ್ಶನವಾಗಿ ನಾವು ಉದಾಹರಿಸುತ್ತೇವೆ, ಅದು ಉಚಿತವೇ. ಅದರ ಜೊತೆಗೆ ಇನ್ನೊಂದು ಅಂಶವನ್ನೂ ಗಮನಿಸಬೇಕು. ಊರಿನ ಸಂಪತ್ತಿನ ಒಂದು ಪಾಲನ್ನು ಯಾವ ಕಾರ್ಯಕ್ಕೆ ವಿನಿಯೋಗಿಸಬೇಕೆಂಬ ನಿರ್ಣಯ ಇಲ್ಲಿ ರಾಜಧಾನಿಯಾದ ಕಲ್ಯಾಣದಿಂದ ಬಂದುದಲ್ಲ. ಊರಿನ ಸಭೆಯೇ ಕೈಗೊಂಡುದು.

ರಾಜನೀತಿಯ ಗ್ರಂಥಗಳಲ್ಲಿಯೂ ಇದಕ್ಕೆ ಪೋಷಕವಾದ ವಿಚಾರವಿದೆ. ರಾಷ್ಟ್ರಕೂಟರ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿದ್ದ ಸೋಮದೇವಸೂರಿ ತನ್ನ ‘ನೀತಿವಾಕ್ಯಾಮೃತ’ದಲ್ಲಿ ಜನಪದವನ್ನು ವಿವರಿಸಿದ ಬಳಿಕವೇ ದುರ್ಗವನ್ನೂ, ದುರ್ಗದ ಬಳಿಕ ಕೋಶವನ್ನೂ ವಿವರಿಸುತ್ತಾನೆ. ಸಪ್ತಾಂಗಗಳ ಈ ಕ್ರಮ ಸಾಂಪ್ರದಾಯಿಕವೇ ಆದರೂ ಅರ್ಥಪೂರ್ಣವಾದುದು. ಕೊಯ್ಲಿನ ಕಾಲದಲ್ಲಿ ಸೇನೆ ಹೊಲಗಳಲ್ಲಿ ಹಾದುಹೋದರೆ ದುರ್ಭಿಕ್ಷವುಂಟಾಗುತ್ತದೆ ಎಂಬ ಎಚ್ಚರಿಕೆಯೂ ಅದೇ ಜನಪದ ಪ್ರಕರಣದಲ್ಲಿದೆ. ಶಾಸನಗಳ ಕೊನೆಯಲ್ಲಿ ಬರುವ ಪ್ರಸಿದ್ಧ ಶ್ಲೋಕವೊಂದರಲ್ಲಿ ರಾಮಚಂದ್ರನು ಮುಂದೆ ಬರಲಿರುವ ಅರಸರನ್ನೆಲ್ಲ ಬೇಡಿಕೊಳ್ಳುತ್ತಾನೆ: ಈ ಧರ್ಮಸೇತು ಎಲ್ಲ ಅರಸರಿಗೂ ಸಾಮಾನ್ಯವಾದುದು, ಕಾಲಕಾಲಕ್ಕೆ ಇದನ್ನು ಕಾಪಾಡಿರಿ ಎಂಬುದು ಅದರ ಆಶಯ. ಒಮ್ಮೆ ಒಂದು ಉದ್ದೇಶಕ್ಕೆ ಮೀಸಲಾದ ನೆಲ ಆಳುವವರು ಬದಲಾದ ಮಾತ್ರಕ್ಕೆ ಆ ಉದ್ದೇಶದಿಂದ ಕಳಚಿಕೊಳ್ಳುವುದಿಲ್ಲ ಎಂಬ ತತ್ತ್ವವಿದು.

ಆದರೆ ಶಾಸನಕಾಲವನ್ನು ಆದರ್ಶವೆಂದು ಮೆರೆಸುವುದೂ ಇತಿಹಾಸಕ್ಕೆ ಮಾಡುವ ಅಪಚಾರವೇ. ಮುನ್ನೂರ್ವರ ಸಭೆಯಲ್ಲಿ ಆ ನೆಲವನ್ನು ಉತ್ತವನ ದನಿಯಾಗಲಿ, ದನ ಮೇಯಿಸಿದವನ ದನಿಯಾಗಲಿ ಇದ್ದಿತೆಂದು ಹೇಳಲು ಆಧಾರವಿಲ್ಲ. ಎಲ್ಲೆಯ ಕಲ್ಲನ್ನು ಹೊತ್ತು ತಂದು ನಟ್ಟವನ ಹೆಸರು ಕಲ್ಲಿನ ಮೇಲಿಲ್ಲ. ಸಾರ್ವಜನಿಕ ಭೂಮಿಯ ಚರ್ಚೆಯಲ್ಲಿ ಈ ಕೊರತೆಯನ್ನು ಮರೆಯುವಂತಿಲ್ಲ.

ಮುಂದಿನ ಶತಮಾನಗಳಲ್ಲಿ ನೆಲದ ಹೆಸರುಗಳು ಬದಲಾದವು. ೧೩೪೭ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿಯಾಯಿತು. ಇನಾಮು, ಜಾಗೀರುಗಳ ಪರಿಭಾಷೆ ಬಳಕೆಗೆ ಬಂದಿತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರದ ನೇರ ಆಡಳಿತದ ದಿವಾನಿ ಅಥವಾ ಖಾಲ್ಸಾ ಭೂಮಿ, ನಿಜಾಮರ ಸ್ವಂತ ಆದಾಯಕ್ಕೆ ಮೀಸಲಾದ ಸರ್ಫ್-ಎ-ಖಾಸ್, ಪಾಯಗಾ ಹಾಗೂ ಜಾಗೀರು ಎಂಬ ವಿಭಾಗಗಳಿದ್ದವು. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಬಳಿಕ, ೧೯೪೯ರಲ್ಲಿ ಸರ್ಫ್-ಎ-ಖಾಸ್ ದಿವಾನಿಯಲ್ಲಿ ವಿಲೀನವಾಯಿತು. ಅದೇ ವರ್ಷ ಜಾಗೀರುಗಳೂ ರದ್ದಾದವು. ಇದು ನ್ಯಾಯದ ಮಹತ್ತರ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಭಿನ್ನ ಭಿನ್ನ ಉದ್ದೇಶಗಳ ನೆಲ ಕ್ರಮೇಣ ‘ಸರ್ಕಾರಿ’ ಎಂಬ ಒಂದೇ ಪದದೊಳಗೆ ಅಡಗಿತು. ಪಹಣಿಯಲ್ಲಿ ವಿಸ್ತೀರ್ಣ ಉಳಿಯಿತು, ಸರ್ವೆ ನಂಬರು ಉಳಿಯಿತು. ಆ ನೆಲವನ್ನು ಊರು ಯಾವುದಕ್ಕೆ ಬಳಸುತ್ತಿತ್ತು ಎಂಬ ಮೂರನೆಯ ಅಂಗ ಮಸುಕಾಯಿತು.

ಇಂದಿನ ಕಾನೂನು ಈ ಅಂಗವನ್ನು ಪೂರ್ಣವಾಗಿ ಮರೆತಿಲ್ಲ. ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮದ ೭೧ನೆಯ ಕಲಮು ಸರ್ಕಾರಿ ಭೂಮಿಯನ್ನು ಗೋಮಾಳ, ಮೇವು ಮುಂತಾದ ಸಾರ್ವಜನಿಕ ಉದ್ದೇಶಗಳಿಗೆ ಮೀಸಲಿಡಲು ಅವಕಾಶ ನೀಡುತ್ತದೆ. ೧೯೬೬ರ ನಿಯಮಗಳ ೯೭ನೆಯ ನಿಯಮವು ನೂರು ಜಾನುವಾರುಗಳಿಗೆ ೧೨ ಹೆಕ್ಟೇರಿನಂತೆ ಗೋಮಾಳವಿರಬೇಕೆಂದು ಗೊತ್ತುಪಡಿಸುತ್ತದೆ. ಮೈಸೂರು ಸೀಮೆಯವರು ಗೋಮಾಳವೆನ್ನುವುದನ್ನು ನಮ್ಮ ಭಾಗದಲ್ಲಿ ಗಾಯರಾಣವೆನ್ನುವರು. ಈ ಲೆಕ್ಕದಲ್ಲೊಂದು ಸೂಕ್ಷ್ಮವಿದೆ. ಬರದಿಂದಲೋ ಯಂತ್ರಗಳ ಬಳಕೆಯಿಂದಲೋ ಊರಿನ ದನಗಳು ಕಡಿಮೆಯಾದರೆ ಅದರ ಗಾಯರಾಣ ಕಾಗದದ ಮೇಲೆ ‘ಹೆಚ್ಚುವರಿ’ಯಾಗುತ್ತದೆ, ಹೆಚ್ಚುವರಿಯಾದ ನೆಲದ ಮೇಲೆ ನಗರದ ದೃಷ್ಟಿ ಬೀಳುತ್ತದೆ. ಅನಧಿಕೃತ ಸಾಗುವಳಿಯ ಸಕ್ರಮಕ್ಕಾಗಿ ಅದೇ ಅಧಿನಿಯಮಕ್ಕೆ ೯೪-ಎ ಕಲಮನ್ನು ಸೇರಿಸಿದಾಗ ಕಲಬುರಗಿಯಂಥ ನಗರಗಳ ಎಲ್ಲೆಯಿಂದ ೧೦ ಕಿಲೋಮೀಟರಿನೊಳಗಿನ ಭೂಮಿಯನ್ನು ಅದರಿಂದ ಹೊರಗಿಡಲಾಯಿತು. ಹೀಗೆ ನಗರದ ಸುತ್ತ ಕಣ್ಣಿಗೆ ಕಾಣದ ಒಂದು ವರ್ತುಲ ಏರ್ಪಟ್ಟಿತು. ಅದರಾಚೆಯ ಕಮಲಾಪುರದ ಕಡೆಯ ಭೂಹೀನನಿಗೆ ಅರ್ಜಿಯ ದಾರಿ ತೆರೆದಿತ್ತು. ವರ್ತುಲದೊಳಗೆ ಅಷ್ಟೇ ವರ್ಷ ಉತ್ತವನಿಗೆ ಆ ದಾರಿ ಇರಲಿಲ್ಲ.

ನಗರದ ಅಗತ್ಯಗಳು ಸುಳ್ಳಲ್ಲ. ೧೯೮೦ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಊರ ಹೊರಗೆ ೮೬೦ ಎಕರೆಯ ಆವರಣ ದೊರೆಯಿತು. ಈ ಭಾಗದ ಅನೇಕ ಕುಟುಂಬಗಳ ಮೊದಲ ತಲೆಮಾರಿನ ಪದವೀಧರರು ಅಲ್ಲಿಯೇ ಓದಿದರು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ನೆಲೆಗೊಂಡಿತು. ಶ್ರೀನಿವಾಸ ಸರಡಗಿಯ ಬಳಿ ವಿಮಾನ ನಿಲ್ದಾಣ ೨೦೧೯ರ ನವೆಂಬರಿನಲ್ಲಿ ಆರಂಭವಾಯಿತು. ಹುಮನಾಬಾದ್ ಮಾರ್ಗದ ಕಮಲಾಪುರ ೨೦೧೮ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಅದಕ್ಕೂ ಕೆಲವೇ ತಿಂಗಳ ಮೊದಲು, ೨೦೧೭ರ ಅಕ್ಟೋಬರಿನಲ್ಲಿ, ಮರಗುತ್ತಿಯ ಸುರಂಗದ ಮೂಲಕ ಹಾದುಹೋಗುವ ಬೀದರ–ಕಲಬುರಗಿ ರೈಲುಮಾರ್ಗ ಪೂರ್ಣಗೊಂಡಿತ್ತು. ಕಮಲಾಪುರವೆಂದರೆ ಭೌಗೋಳಿಕ ಸೂಚಿ ಪಡೆದ ಕೆಂಪು ಬಾಳೆಯ ನೆಲ. ರೈಲು, ಹೆದ್ದಾರಿ, ಕಚೇರಿಗಳು ಬಂದಂತೆ ಇಂಥ ಊರಿನ ಸಾರ್ವಜನಿಕ ಭೂಮಿಗೆ ಬೇಡಿಕೆ ಏರುವುದು ಸಹಜ. ಆಸ್ಪತ್ರೆ, ನ್ಯಾಯಾಲಯ, ವಸತಿಶಾಲೆ ಬೇಡವೆಂದು ಯಾರೂ ಹೇಳಲಾರರು. ಪ್ರಶ್ನೆ ಇರುವುದು ನೆಲವನ್ನು ಬಳಸಬೇಕೇ ಬೇಡವೇ ಎಂಬುದರಲ್ಲಿ ಅಲ್ಲ; ನಿರ್ಣಯಿಸುವವರು ಯಾರು, ಹೇಗೆ ಎಂಬುದರಲ್ಲಿ.

ಸರ್ವೋಚ್ಚ ನ್ಯಾಯಾಲಯವು ೨೦೧೧ರ ಜನವರಿ ೨೮ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ನೀಡಿದ ತೀರ್ಪು ಇಲ್ಲಿ ಸ್ಮರಣೀಯ. ಪಂಜಾಬಿನ ಹಳ್ಳಿಯೊಂದರ ಕೆರೆಯ ಅತಿಕ್ರಮಣದಿಂದ ಹುಟ್ಟಿದ ಆ ಪ್ರಕರಣದಲ್ಲಿ ನ್ಯಾಯಾಲಯವು ಗ್ರಾಮಗಳ ಸಾಮುದಾಯಿಕ ಭೂಮಿಯನ್ನು ಗ್ರಾಮಗಳಿಗೇ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು. ಅದರ ಜೊತೆಗೆ ಭೂಹೀನ ಕೂಲಿಕಾರರಿಗೆ, ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರ್ಕಾರವೇ ಕೊಟ್ಟ ನೆಲಕ್ಕೂ, ಶಾಲೆ, ಔಷಧಾಲಯಗಳು ಈಗಾಗಲೇ ಇರುವ ನೆಲಕ್ಕೂ ವಿನಾಯಿತಿಯ ಅವಕಾಶವನ್ನು ಇಟ್ಟಿತು. ‘ಸಾಮಾನ್ಯ’ ಎಂಬುದರ ರಕ್ಷಣೆ ದುರ್ಬಲನ ಉಚ್ಚಾಟನೆಯಾಗಬಾರದು ಎಂಬ ವಿವೇಕ ಇದರಲ್ಲಿದೆ. ಶಾಸನಕಾಲದ ಸಭೆಗಳಲ್ಲಿ ನಾವು ಕಂಡ ಕೊರತೆಯನ್ನು ತುಂಬುವ ಮಾತೂ ಇದೇ.

ಹಾಗಾದರೆ ನಿರ್ಣಯದ ಕ್ರಮ ಹೇಗಿರಬೇಕು? ಹಳೆಯ ದತ್ತಿಯ ಮೂರು ಅಂಗಗಳಿಗೆ ಇನ್ನೊಂದನ್ನು ಸೇರಿಸಿದರೆ ಸಾಕೆಂದು ತೋರುತ್ತದೆ. ಮೊದಲನೆಯದು ಅಳತೆ: ಕಾರ್ಯಕ್ಕೆ ಬೇಕಾದಷ್ಟೇ ನೆಲ. ಎರಡನೆಯದು ಎಲ್ಲೆ: ಆ ನೆಲದಲ್ಲಿ ಹಾದುಹೋಗುವ ಹಳ್ಳ, ಬಂಡಿದಾರಿ, ಸ್ಮಶಾನ, ಕೆರೆಯಂಗಳಗಳ ದಾಖಲೆ. ಮೂರನೆಯದು ವಿನಿಯೋಗ: ಉದ್ದೇಶ ಸ್ಪಷ್ಟವಾಗಿರಬೇಕು, ಅದು ಕೈಗೂಡದಿದ್ದರೆ ನೆಲ ಮತ್ತೊಬ್ಬರ ಕೈಸೇರದೆ ಊರಿಗೇ ಮರಳಬೇಕು. ನಾಲ್ಕನೆಯದು ಸಾಕ್ಷಿ: ಮುನ್ನೂರ್ವರಲ್ಲಿ ಇಲ್ಲದಿದ್ದವರೂ ಸೇರಿದ ಗ್ರಾಮಸಭೆ, ಅಂದರೆ ಕುರಿಗಾಹಿ, ಕೂಲಿಕಾರ, ಸೌದೆ ಸಗಣಿ ಆಯುವ ಹೆಂಗಸು ಇವರೆಲ್ಲರ ಮಾತನ್ನು ದಾಖಲಿಸಿದ ಸಭೆ. ಈ ನಾಲ್ಕೂ ಇಲ್ಲದ ನಿರ್ಣಯ, ಅದರ ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ, ಅಪೂರ್ಣ.

ಸಂಶೋಧನೆಯ ವಿದ್ಯಾರ್ಥಿಗಳಿಗೂ ಇಲ್ಲಿ ಮಾಡಬೇಕಾದ ಕೆಲಸವಿದೆ. ಕಲಬುರಗಿ, ಕಮಲಾಪುರ ತಾಲ್ಲೂಕುಗಳ ಶಾಸನೋಕ್ತ ಎಲ್ಲೆಗಳನ್ನು ಇಂದಿನ ಗ್ರಾಮನಕಾಶೆಗಳೊಡನೆ, ಉರ್ದುವಿನಲ್ಲಿರುವ ನಿಜಾಮಕಾಲದ ಕಂದಾಯ ದಾಖಲೆಗಳೊಡನೆ ಹೋಲಿಸಿ ನೋಡಬೇಕು. ಹಳ್ಳ ಅದೇ ಹಳ್ಳವೇ, ಬಟ್ಟೆ ಅದೇ ಬಟ್ಟೆಯೇ ಎಂದು ಊರಿನ ಹಿರಿಯರನ್ನು ಕೇಳಿ ಬರೆದಿಡಬೇಕು. ನೆಲದ ಬಳಕೆಯ ಇತಿಹಾಸ ದಾಖಲಾಗದಿರುವವರೆಗೆ ಕಚೇರಿಯ ಕಡತದಲ್ಲಿ ಆ ನೆಲ ‘ಖಾಲಿ’ಯಾಗಿಯೇ ಉಳಿಯುತ್ತದೆ. ಖಾಲಿಯೆಂದು ಬರೆದ ನೆಲಕ್ಕೆ ವಾರಸುದಾರರನ್ನು ಹುಡುಕುವ ಶ್ರಮವನ್ನು ಯಾವ ನಗರವೂ ತಾನಾಗಿ ತೆಗೆದುಕೊಳ್ಳುವುದಿಲ್ಲ.