ಫೋಟೊ ಹಿಂದೆ ಏನು ಬರೆದಿತ್ತು?

ಪರ್ಸಲ್ಲಿ ಐವತ್ತು ರೂಪಾಯಿ ನೋಟು ಇದ್ರೆ ಒಮ್ಮೆ ತೆಗೀರಿ. ಎಲ್ಲರೂ ಫೋನಲ್ಲೇ ದುಡ್ಡು ಕೊಡೋ ಕಾಲ, ಇಲ್ಲದಿದ್ರೂ ಪರವಾಗಿಲ್ಲ, ಚಿತ್ರ ನಿಮಗೆ ನೆನಪಿರುತ್ತೆ. 2017ರಲ್ಲಿ ಬಂದ ಆ ನೀಲಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ ಇದೆ. ಅದರ ತಲೆ ಸಪಾಟು. ಶಾಲೆಯ ಪ್ರವಾಸದಲ್ಲಿ ಅದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಾಗಲೂ ಹಾಗೇ ಇತ್ತು. ನಮ್ಮ ಪಾಲಿಗೆ ಹಂಪಿಯ ರಥ ಅಂದ್ರೆ ಅದೇ.

ಆದರೆ 1856ರಲ್ಲಿ ತೆಗೆದ ಒಂದು ಫೋಟೊ ಇದೆ. ಅದರಲ್ಲೂ ಅದೇ ರಥ, ಅದೇ ಕಲ್ಲಿನ ಚಕ್ರ. ಮೇಲೆ ಮಾತ್ರ ಇಟ್ಟಿಗೆಯಲ್ಲಿ ಕಟ್ಟಿದ ಒಂದು ಪುಟ್ಟ ಗೋಪುರ! ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಈ ರಥ ನಿಜಕ್ಕೂ ಗರುಡನ ಗುಡಿ. ಗುಡಿಗೆ ಶಿಖರ ಇರೋದು ಸಹಜ ತಾನೇ? ಮುಂದೆ ಯಾವಾಗಲೋ ಆ ಇಟ್ಟಿಗೆ ಶಿಖರವನ್ನು ತೆಗೆದುಹಾಕಿದರು. ಆ ಗುಡಿ ತಲೆ ಎತ್ತಿ ನಿಂತಿದ್ದು ಹೇಗಿತ್ತು ಅಂತ ಇವತ್ತು ಕಣ್ಣಾರೆ ನೋಡಬೇಕು ಅಂದ್ರೆ ಹಂಪಿಗೆ ಹೋದರೆ ಸಿಗಲ್ಲ, ಆ ಫೋಟೊ ಹತ್ತಿರ ಹೋಗಬೇಕು. ಮೊದಲ ಸಲ ಅದನ್ನ ನೋಡಿದ ದಿನ ನಾನು ಸುಮಾರು ಹೊತ್ತು ಫೋನ್ ಸ್ಕ್ರೀನನ್ನ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದೆ. ಹಳೇ ಕಪ್ಪು-ಬಿಳುಪು ಪ್ರಿಂಟುಗಳ ಹುಚ್ಚು ನನಗೆ ಅಂಟಿದ್ದು ಅಲ್ಲಿಂದ.

ಆ ಫೋಟೊ ತೆಗೆದವರು ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೇನೆಯ ಒಬ್ಬ ಅಧಿಕಾರಿ. ಫಿಲಂ ಅನ್ನೋದು ಇನ್ನೂ ಹುಟ್ಟಿರಲಿಲ್ಲ. ಅವರು ಬಳಸಿದ್ದು ಕಾಗದದ ನೆಗೆಟಿವ್. ಕಾಗದಕ್ಕೆ ಮೇಣ ಹಚ್ಚಿ ಬೆಳಕು ಹಾಯುವಷ್ಟು ಪಾರದರ್ಶಕ ಮಾಡಿ, ಬೆಳ್ಳಿಯ ಲವಣಗಳಲ್ಲಿ ಅದ್ದಿ, ಕ್ಯಾಮೆರಾದೊಳಗೆ ಇಟ್ಟು, ನಿಮಿಷಗಟ್ಟಲೆ ಬಿಸಿಲಿಗೆ ಒಡ್ಡಬೇಕು. ಆಗ ದೊಡ್ಡದು ಮಾಡಿ ಪ್ರಿಂಟ್ ಹಾಕೋ ಪದ್ಧತಿ ಇರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ. ಹಾಗಾಗಿ ಗ್ರೀನ್‌ಲಾ ಅವರ ನೆಗೆಟಿವ್‌ಗಳು ಹೆಚ್ಚುಕಮ್ಮಿ ಒಂದೂವರೆ ಅಡಿ ಉದ್ದ. ಅಷ್ಟು ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಹಂಪಿಯ ಬಂಡೆಗಳ ನಡುವೆ ಓಡಾಡೋದು! ಹೊತ್ತವರು ಅವರಲ್ಲ ಬಿಡಿ, ಹೆಸರು ಬರೆದಿಡದ ಯಾರೋ ಆಳುಗಳು.

ಆಮೇಲೆ ಈ ಚಿತ್ರಗಳನ್ನ ಲೋಕ ಮರೆತೇಬಿಟ್ಟಿತು. ಒಂದು ನೂರು ವರ್ಷಕ್ಕೂ ಹೆಚ್ಚು ಕಾಲ ಎಲ್ಲೋ ಇದ್ದು, 1980ರ ಹೊತ್ತಿಗೆ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಫೋಟೊಗ್ರಾಫರ್ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು ಗ್ರೀನ್‌ಲಾ ಎಲ್ಲಿ ಕ್ಯಾಮೆರಾ ನಿಲ್ಲಿಸಿದ್ದರೋ ಅಲ್ಲೇ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಆ ನಡುವೆ ಏನೇನು ಉದುರಿಹೋಯಿತು ಅಂತ ಲೆಕ್ಕ ಸಿಗುತ್ತೆ. ಗ್ರೀನ್‌ಲಾ ಅವರ ಕೆಲಸ ಕೊನೆಗೆ ದೆಹಲಿಯ ಅಲ್ಕಾಜಿ ಸಂಗ್ರಹ ಸೇರಿತು. ಹೌದು, ನಾಟಕದ ಮೇಷ್ಟ್ರು ಇಬ್ರಾಹಿಂ ಅಲ್ಕಾಜಿಯವರೇ. ರಂಗಭೂಮಿಯಲ್ಲಿ ಅಷ್ಟು ದೊಡ್ಡ ಹೆಸರು ಮಾಡಿದ ಮನುಷ್ಯ ಹಳೇ ಫೋಟೊಗಳನ್ನ ಹುಡುಕಿ ಹುಡುಕಿ ಕೂಡಿಸಿದರು, ಸಾವಿರ ಸಾವಿರ ಲೆಕ್ಕದಲ್ಲಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಫೋಟೊ ಉಳಿಯೋದಕ್ಕೆ ತೆಗೆದವರು ಒಬ್ಬರೇ ಸಾಲದು, ಇಟ್ಟುಕೊಂಡವರೂ ಬೇಕು. ಸ್ಟುಡಿಯೋ ಅನ್ನೋದು ನಂಬೋ ಜಾಗ ಅಲ್ಲ. ಕಲ್ಕತ್ತದ ಬೋರ್ನ್ ಅಂಡ್ ಷೆಫರ್ಡ್ ಗೊತ್ತಲ್ಲ, 1860ರ ದಶಕದಿಂದ ಇಡೀ ಉಪಖಂಡವನ್ನ ಸೆರೆಹಿಡಿದ ಸ್ಟುಡಿಯೋ. 1991ರಲ್ಲಿ ಬೆಂಕಿ ಬಿತ್ತು, ಸಂಗ್ರಹದ ಬಹುಪಾಲು ಸುಟ್ಟುಹೋಯಿತು. 2016ರಲ್ಲಿ ಬಾಗಿಲೇ ಮುಚ್ಚಿತು. ಆದರೂ ಸ್ಯಾಮ್ಯುಯೆಲ್ ಬೋರ್ನ್ ಅವರ ಹಿಮಾಲಯವನ್ನ ನಾವು ಇವತ್ತೂ ನೋಡಬಹುದು. ಯಾಕಂದ್ರೆ ಆ ಕಾಲದಲ್ಲೇ ದುಡ್ಡು ಕೊಟ್ಟು ಪ್ರಿಂಟ್ ತಗೊಂಡು ಆಲ್ಬಮ್ಮಿಗೆ ಅಂಟಿಸಿಕೊಂಡವರು ಇದ್ದರು. ನಮ್ಮೂರುಗಳ ಕಥೆ ಇನ್ನೂ ಬಡವಾದದ್ದು. ಸ್ಟುಡಿಯೋ ಮುಚ್ಚಿದ ಒಬ್ಬ ಯಜಮಾನರನ್ನ ಕೇಳಿದೆ, ಸಾರ್ ಗಾಜಿನ ನೆಗೆಟಿವ್‌ಗಳು ಏನಾದ್ವು ಅಂತ. "ಬಿಸಿನೀರಲ್ಲಿ ಉಜ್ಜಿ ತೊಳೆದು ಫ್ರೇಮಿಗೆ ಗಾಜು ಮಾಡಿಕೊಂಡ್ವಿ ಕಣಪ್ಪ, ಒಳ್ಳೇ ಗಾಜು" ಅಂದರು. ದೇವರ ಪಟದ ಮೇಲಿರೋ ಗಾಜು ಒಂದು ಕಾಲದಲ್ಲಿ ಯಾರದೋ ಮದುವೆ! ನೆಗೆಟಿವ್ ಹೋದಮೇಲೆ ಉಳಿದಿರೋದು ಅಟ್ಟದ ಮೇಲಿನ ಟ್ರಂಕಿನಲ್ಲಿರೋ ಒಂದೇ ಪ್ರಿಂಟು. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಆ ಟ್ರಂಕು ಗುಜರಿಗೆ ಹೋಗುತ್ತೆ. ಗುಜರಿಯಿಂದ ಭಾನುವಾರದ ಸಂತೆಗೆ. ಸಂತೆಯಿಂದ ನನ್ನಂಥವರ ಕೈಗೆ.

ಸಂತೆಯಲ್ಲಿ ಏನು ನೋಡಬೇಕು ಅಂತ ತುಂಬ ಜನ ಕೇಳ್ತಾರೆ. ಮೊದಲು ಒಂದು ಭೂತಕನ್ನಡಿ ಇಟ್ಕೊಳ್ಳಿ. ಚಿತ್ರದಲ್ಲಿ ಸಣ್ಣ ಸಣ್ಣ ಚುಕ್ಕೆಗಳ ಸಾಲು ಕಂಡರೆ ಅದು ಪುಸ್ತಕದಿಂದಲೋ ಕ್ಯಾಲೆಂಡರಿನಿಂದಲೋ ಕತ್ತರಿಸಿದ್ದು, ಫೋಟೊ ಅಲ್ಲ. ತೆಳು ಕಾಗದ, ರಟ್ಟಿಗೆ ಅಂಟಿಸಿದ್ದು, ಹಳದಿ ಮಿಶ್ರಿತ ಕಂದು ಬಣ್ಣ, ಭೂತಕನ್ನಡಿಯಲ್ಲಿ ಕೂದಲೆಳೆಯಂಥ ಬಿರುಕು ಇದ್ದರೆ ಬಹುಶಃ ಆಲ್ಬುಮೆನ್ ಪ್ರಿಂಟ್. ಅಂದ್ರೆ ಮೊಟ್ಟೆಯ ಬಿಳಿ ಲೋಳೆಯನ್ನ ಕಾಗದಕ್ಕೆ ಸವರಿ ಮಾಡಿದ್ದು. ತಮಾಷೆ ಅಲ್ಲ, 1850ರಲ್ಲಿ ಫ್ರಾನ್ಸಿನಲ್ಲಿ ಬಂದ ಈ ವಿಧಾನ 19ನೇ ಶತಮಾನದ ಕೊನೆವರೆಗೂ ಲೋಕವನ್ನೇ ಆಳಿತು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇದಕ್ಕಂತಲೇ ಇದ್ದ ಕಾರ್ಖಾನೆಗೆ ದಿನಕ್ಕೆ 60,000 ಮೊಟ್ಟೆ ಬೇಕಾಗುತ್ತಿತ್ತಂತೆ. ಮಡಿವಂತ ಮನೆಗಳ ಗೋಡೆ ಮೇಲೆ ತಾತ, ಮುತ್ತಾತ ಯಾವುದರ ಮೇಲೆ ಕೂತಿದ್ದರು ಅಂತ ನೆನೆಸಿಕೊಂಡರೆ ನಗು ಬರುತ್ತೆ. ಕಪ್ಪು ಜಾಗಗಳ ಅಂಚಿನಲ್ಲಿ ಕನ್ನಡಿಯ ಹಾಗೆ ಬೆಳ್ಳಿ ಹೊಳಪು ಮೂಡಿದ್ದರೆ ಅದು ಆಮೇಲಿನ ಜೆಲಟಿನ್ ಪ್ರಿಂಟ್. ನಮ್ಮ ಅಜ್ಜ-ಅಜ್ಜಿಯರ ಮದುವೆ ಫೋಟೊಗಳೆಲ್ಲ ಹೆಚ್ಚಾಗಿ ಈ ಜಾತಿ.

ದುಡ್ಡಿನ ವ್ಯವಹಾರದಲ್ಲಿ 'ವಿಂಟೇಜ್' ಅನ್ನೋ ಮಾತಿಗೆ ಬಿಗಿಯಾದ ಅರ್ಥ ಇದೆ. ಚಿತ್ರ ಹಳೇದಾಗಿದ್ದರೆ ಸಾಲದು, ಆ ಪ್ರಿಂಟೇ ಚಿತ್ರ ತೆಗೆದ ಕಾಲದ ಆಸುಪಾಸಿನಲ್ಲಿ ಆಗಿರಬೇಕು. ಅಮೆರಿಕದ ಲೂಯಿಸ್ ಹೈನ್ ಕಾರ್ಖಾನೆಗಳಲ್ಲಿ ದುಡಿಯುವ ಪುಟ್ಟ ಮಕ್ಕಳ ಫೋಟೊ ತೆಗೆದು ಬಾಲಕಾರ್ಮಿಕ ಪದ್ಧತಿ ವಿರುದ್ಧ ಹೋರಾಡಿದವರು. ತೀರಿಕೊಂಡಿದ್ದು 1940ರಲ್ಲಿ. ಅವರ ಕಾಲದ ಪ್ರಿಂಟು ಅಂತ ದೊಡ್ಡ ಬೆಲೆಗೆ ಮಾರಾಟವಾಗಿದ್ದ ಕೆಲವನ್ನ 1990ರ ದಶಕದ ಕೊನೆಗೆ ಪರೀಕ್ಷೆ ಮಾಡಿದರು. ಕಾಗದದಲ್ಲಿ ಹೊಳಪು ಕೊಡೋ ರಾಸಾಯನಿಕ ಸಿಕ್ಕಿತು. ಅದು ಫೋಟೊ ಕಾಗದಕ್ಕೆ ಬಂದಿದ್ದೇ 1950ರ ದಶಕದಲ್ಲಿ! ಸತ್ತವರು ಎದ್ದು ಬಂದು ಪ್ರಿಂಟ್ ಹಾಕ್ತಾರಾ? ನೋಟು ಪರೀಕ್ಷಿಸೋ ನೇರಳೆ ಲೈಟು ಅಂಗಡಿಗಳಲ್ಲಿ ಇರುತ್ತಲ್ಲ, ಕತ್ತಲಲ್ಲಿ ಅದನ್ನ ಹಿಡಿದರೆ ಅಂಥ ಕಾಗದ ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಶರ್ಟಿನ ಹಾಗೆ ನೀಲಿಯಾಗಿ ಹೊಳೆಯುತ್ತೆ.

ಇಷ್ಟು ಕಲಿತು ನಾನು ಜಾಣ ಅಂದ್ಕೊಂಡಿದ್ದೆ. ಈಗ ನನ್ನ ದಡ್ಡತನ ಕೇಳಿ.

ಮೂರು ವರ್ಷದ ಹಿಂದೆ ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಒಂದು ಮದುವೆಯ ಗುಂಪು ಫೋಟೊ ಸಿಕ್ಕಿತು. ಇನ್ನೂರೈವತ್ತು ಹೇಳಿದ, ನೂರೈವತ್ತಕ್ಕೆ ಕೊಟ್ಟ. ಜೆಲಟಿನ್ ಪ್ರಿಂಟು, ದಪ್ಪ ಬೂದು ರಟ್ಟಿಗೆ ಅಂಟಿಸಿದ್ದು. ಇಪ್ಪತ್ತಕ್ಕೂ ಹೆಚ್ಚು ಜನ. ಮುಂದೆ ನೆಲದ ಮೇಲೆ ಮಕ್ಕಳು. ಒಂದು ಹುಡುಗಿ ಮಾತ್ರ ಕ್ಯಾಮೆರಾ ಹೊತ್ತಿಗೆ ಸರಿಯಾಗಿ ತಲೆ ತಿರುಗಿಸಿದ್ದಾಳೆ, ಮುಖ ಮಸುಕು. ರಟ್ಟಿನ ಹಿಂದೆ ಇಂಕಿನಲ್ಲಿ ಸಾಲುಸಾಲಾಗಿ ಬರೆದಿತ್ತು. ಹಳೇ ಕೈಬರಹ, ಆಮೇಲೆ ನಿಧಾನ ಓದೋಣ ಅಂದ್ಕೊಂಡೆ. ರಟ್ಟು ತೇವಕ್ಕೆ ಉಬ್ಬಿ ಬಿಲ್ಲಿನ ಹಾಗೆ ಬಾಗಿತ್ತು. ಫ್ರೇಮಿಗೆ ಹಾಕಬೇಕಲ್ಲ, ಬಿಡಿಸೋಣ ಅಂತ ಉಗುರುಬೆಚ್ಚಗಿನ ನೀರಲ್ಲಿ ಮುಳುಗಿಸಿ ಊಟಕ್ಕೆ ಕೂತೆ. ಪ್ರಿಂಟು ಚೆನ್ನಾಗೇ ಬಿಟ್ಟುಕೊಂಡಿತು. ನೀರು ನೇರಳೆ ಬಣ್ಣಕ್ಕೆ ತಿರುಗಿತ್ತು. ಅಷ್ಟೂ ಹೆಸರುಗಳು ಪಾತ್ರೆಯಲ್ಲಿ ತೇಲ್ತಾ ಇದ್ದವು. ಜೇಬಲ್ಲಿ ಫೋನಿತ್ತು ಸ್ವಾಮಿ. ಹಿಂದುಗಡೆದೊಂದು ಫೋಟೊ ತೆಗೆಯೋಕೆ ಎರಡು ಸೆಕೆಂಡು ಸಾಕಿತ್ತು.

ಒಣಗಿಸಿ ನೋಡಿದಾಗ ಓದೋಕೆ ಬಂದದ್ದು ಎರಡೇ. ಮೇಲೆ "ಎಡದಿಂದ ಬಲಕ್ಕೆ". ಕೆಳಗೆ ಮೂಲೆಯಲ್ಲಿ "ರೀಕೆರೆ". ತರೀಕೆರೆ ಇರಬೇಕು. ಗೋಪುರ ಇದ್ದದ್ದನ್ನ ಒಂದು ಕಾಗದ ಉಳಿಸಿಕೊಟ್ಟಿದೆ ಅಂತ ಊರೆಲ್ಲ ಹೇಳ್ಕೊಂಡು ಓಡಾಡ್ತಿದ್ದ ನಾನೇ, ಕಾಗದದ ಮೇಲಿದ್ದ ಇಪ್ಪತ್ತು ಜನರನ್ನ ಅನಾಮಧೇಯ ಮಾಡಿದ್ದೆ.

ಈಗ ಯಾವ ಫೋಟೊ ಸಿಕ್ಕರೂ ಮೊದಲು ಹಿಂದೆ ತಿರುಗಿಸ್ತೀನಿ. ಸ್ಟುಡಿಯೋ ಮುದ್ರೆ, ಊರು, ಅಂಚೆ ಠಸ್ಸೆ, ಯಾರೋ ಪೆನ್ಸಿಲಿನಲ್ಲಿ ಗೀಚಿದ ಲೆಕ್ಕ, ಎಲ್ಲ ಫೋನಿಗೆ ಇಳಿಸ್ತೀನಿ. ರಟ್ಟಿನಿಂದ ಬಿಡಿಸಲ್ಲ. ಆಲ್ಬಮ್ ಸಿಕ್ಕರೆ ಹಾಳೆ ಬೇರೆ ಮಾಡಿ ಮಾರೋಕೆ ಬಿಡಲ್ಲ, ಯಾಕಂದ್ರೆ ಯಾರ ಪಕ್ಕ ಯಾರಿದ್ದರು ಅನ್ನೋದು ಹಾಳೆಗಳ ಕ್ರಮದಲ್ಲೇ ಇರುತ್ತೆ. ನಿಮ್ಮ ಮನೆಯವಕ್ಕೂ ಅಷ್ಟೇ. ಲ್ಯಾಮಿನೇಷನ್ ಬೇಡ್ವೇ ಬೇಡ, ಒಮ್ಮೆ ಮಾಡಿಸಿದರೆ ಬಿಡಿಸೋಕೆ ಆಗಲ್ಲ. ಹೆಸರು ಬರೆಯೋದಾದ್ರೆ ಬಾಲ್‌ಪೆನ್ ಒತ್ತಬೇಡಿ, ಮೆತ್ತಗಿನ ಪೆನ್ಸಿಲ್ ತಗೊಂಡು ಹಿಂಬದಿಯ ಅಂಚಿನಲ್ಲಿ ಬರೀರಿ. ಬರೆಯೋಕೆ ಮುಂಚೆ ಕೇಳಬೇಕಲ್ಲ, ಅಜ್ಜಿಗೆ ನೆನಪಿರುವಾಗಲೇ ಪಕ್ಕ ಕೂತು ಕೇಳಿ. ಇನ್ನೊಂದು ವಿಷಯ. ಯಾರದೋ ಮನೆಯ ಮದುವೆಯನ್ನ 'ವಿಂಟೇಜ್ ವೈಬ್' ಅಂತ ಇನ್‌ಸ್ಟಾಗ್ರಾಮಿಗೆ ಹಾಕಿ ಲೈಕ್ ಎಣಿಸೋದು ನನಗಂತೂ ಇಷ್ಟ ಆಗಲ್ಲ.

ಕಳೆದ ವರ್ಷ ಆ ಫೋಟೊದ ಒಂದು ಪ್ರತಿ ಮಾಡಿಸಿಕೊಂಡು ತರೀಕೆರೆಗೆ ಹೋಗಿದ್ದೆ. ಹಳೇ ಬೀದಿಗಳಲ್ಲಿ ಏಳೆಂಟು ಮನೆ ಹತ್ತಿಳಿದೆ. ಒಂದು ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿ ಕನ್ನಡಕ ಸರಿ ಮಾಡ್ಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಆ ಮಸುಕು ಮುಖದ ಹುಡುಗಿಯ ಮೇಲೆ ಬೆರಳು ಇಟ್ಟರು, ತೆಗೆದರು. "ಕಂಡಂಗೆ ಐತೆ ಮಗಾ, ಆದ್ರೆ ಹೇಳಕ್ಕೆ ಬರ್ತಿಲ್ಲ" ಅಂದರು. ಆಮೇಲೆ ಪ್ರತಿಯನ್ನ ತಿರುಗಿಸಿ ಬಿಳಿ ಹಿಂಬದಿ ನೋಡಿ, "ಹಿಂದ್ಗಡೆ ಹೆಸರು ಬರ್ದಿರ್ಲಿಲ್ವಾ?" ಅಂತ ಕೇಳಿದರು.

"ಬರ್ದಿದ್ರು ಅಜ್ಜಿ" ಅಂದೆ.