ಸಿಸ್ಟಿಕ್ ಫೈಬ್ರೋಸಿಸ್: ಕರುಳು ಕಟ್ಟಿಕೊಳ್ಳಲು ಬಿಸಿಲು, ನೀರು, ಆಹಾರವೂ ಕಾರಣ

ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದಲೇ ಬರುವ ಅನುವಂಶಿಕ ಕಾಯಿಲೆ. ಸಿಎಫ್‌ಟಿಆರ್ ಎಂಬ ಜೀನಿನಲ್ಲಿರುವ ದೋಷ ಇದಕ್ಕೆ ಮೂಲ. ಈ ಜೀನನ್ನು 1989ರಲ್ಲಿ ಪತ್ತೆ ಹಚ್ಚಲಾಯಿತು. ತಂದೆ ತಾಯಿ ಇಬ್ಬರಲ್ಲೂ ದೋಷವಿರುವ ಜೀನ್ ಒಂದೊಂದಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಜೀವಕೋಶಗಳಲ್ಲಿ ಉಪ್ಪು ಮತ್ತು ನೀರಿನ ಸಂಚಾರ ಕೆಡುವುದರಿಂದ ಶ್ವಾಸಕೋಶ, ಮೇದೋಜೀರಕ ಗ್ರಂಥಿ ಹಾಗೂ ಕರುಳಿನ ಲೋಳೆ ಗಟ್ಟಿಯಾಗಿ ಅಂಟಂಟಾಗುತ್ತದೆ.

ಕರುಳಿನಲ್ಲಿ ಆಗುವುದೇನು?

ಈ ಕಾಯಿಲೆಯ ಶಿಶುಗಳಲ್ಲಿ ಶೇ. 10ರಿಂದ 20ರಷ್ಟು ಮಕ್ಕಳಿಗೆ ಹುಟ್ಟುವಾಗಲೇ ಮೊದಲ ಮಲ ಗಟ್ಟಿಯಾಗಿ ಕರುಳು ಕಟ್ಟಿರುತ್ತದೆ. ದೊಡ್ಡವರಾದ ಮೇಲೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಮಲ ಮತ್ತು ಲೋಳೆ ಸೇರಿ ಗಡ್ಡೆಯಂತೆ ನಿಲ್ಲಬಹುದು. ಹೊಟ್ಟೆಯ ಬಲಭಾಗದ ಕೆಳಗೆ ನೋವು, ಹೊಟ್ಟೆಯುಬ್ಬರ, ವಾಂತಿ ಇದರ ಲಕ್ಷಣಗಳು. ಇದನ್ನು ಅಪೆಂಡಿಸೈಟಿಸ್ ಎಂದು ತಪ್ಪಾಗಿ ತಿಳಿಯುವುದುಂಟು. ಜೀನ್ ಬದಲಿಸುವುದು ಮನೆಯವರ ಕೈಯಲ್ಲಿಲ್ಲ. ಆದರೆ ತೊಂದರೆಯನ್ನು ಹೆಚ್ಚಿಸುವ ಹೊರಗಿನ ಕಾರಣಗಳನ್ನು ತಡೆಯಬಹುದು.

ಬಿಸಿಲು ಮತ್ತು ನೀರು

1948ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನಲ್ಲಿ ಬಿಸಿಗಾಳಿ ಬೀಸಿದಾಗ ಬಳಲಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಹಲವರಿಗೆ ಈ ಕಾಯಿಲೆ ಇತ್ತು. ಇವರ ಬೆವರಿನಲ್ಲಿ ಉಪ್ಪು ವಿಪರೀತವಾಗಿ ಹೋಗುತ್ತದೆ ಎಂಬುದನ್ನು ಡಾ. ಪಾಲ್ ಡಿ ಸಾಂಟ್‌ಆಗ್ನೀಸ್ ತೋರಿಸಿಕೊಟ್ಟರು. ಇಂದಿಗೂ ಕಾಯಿಲೆ ಪತ್ತೆಗೆ ಬೆವರಿನ ಪರೀಕ್ಷೆಯೇ ಮುಖ್ಯ. ಉಪ್ಪು, ನೀರು ಕಡಿಮೆಯಾದರೆ ಕರುಳಿನೊಳಗಿನ ಪದಾರ್ಥ ಇನ್ನಷ್ಟು ಒಣಗಿ ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರ, ಆದವಾನಿಯಂತಹ ಕಡೆ ಈ ಎಚ್ಚರ ಹೆಚ್ಚು ಅಗತ್ಯ. ಜ್ವರ, ಭೇದಿ, ಬಿಸಿಲಿನ ಪ್ರಯಾಣ, ಹೊಲದ ಕೆಲಸದ ದಿನಗಳಲ್ಲೂ ಇದೇ ಅಪಾಯವಿದೆ.

ಆಹಾರ ಮತ್ತು ಕಿಣ್ವದ ಗುಳಿಗೆ

ಮೇದೋಜೀರಕ ಗ್ರಂಥಿಯ ರಸ ಕರುಳಿಗೆ ಬಾರದಿದ್ದರೆ ಕೊಬ್ಬು ಜೀರ್ಣವಾಗುವುದಿಲ್ಲ. ಅಂಥವರು ಊಟದ ಜೊತೆ ಕಿಣ್ವದ ಗುಳಿಗೆ ತೆಗೆದುಕೊಳ್ಳಬೇಕು. ಅದನ್ನು ತಪ್ಪಿಸಿದರೆ ಜೀರ್ಣವಾಗದ ಜಿಡ್ಡು ಕರುಳಿನಲ್ಲಿ ಉಳಿದು ಕರುಳು ಕಟ್ಟಿಕೊಳ್ಳುವ ಸಂಭವ ಹೆಚ್ಚುತ್ತದೆ. ಹಾಗೆಂದು ಗುಳಿಗೆ ಮನಸ್ಸಿಗೆ ಬಂದಷ್ಟು ನುಂಗುವುದೂ ಸಲ್ಲದು. ಹೆಚ್ಚು ಶಕ್ತಿಯ ಕಿಣ್ವ ಸೇವಿಸಿದ ಮಕ್ಕಳಲ್ಲಿ ದೊಡ್ಡ ಕರುಳು ಕಿರಿದಾದ ಪ್ರಕರಣಗಳು 1994ರಲ್ಲಿ ಬ್ರಿಟನ್‌ನಿಂದ ವರದಿಯಾದವು. ಆ ನಂತರ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10,000 ಲೈಪೇಸ್ ಯೂನಿಟ್ ಮೀರಬಾರದೆಂಬ ಮಿತಿ ಜಾರಿಗೆ ಬಂತು.

ಮನೆಯವರು ಗಮನಿಸಬೇಕಾದುದು

* ನೀರು ಧಾರಾಳವಾಗಿ ಕೊಡಬೇಕು. ಬೇಸಿಗೆಯಲ್ಲಿ ಹೆಚ್ಚುವರಿ ಉಪ್ಪು ಎಷ್ಟೆಂಬುದನ್ನು ವೈದ್ಯರಿಂದ ತಿಳಿದುಕೊಳ್ಳಬೇಕು.
* ಮಲಬದ್ಧತೆಯನ್ನು ಕಡೆಗಣಿಸಬಾರದು.
* ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ ಹರಳೆಣ್ಣೆ ಕುಡಿಸಿ ಭೇದಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಯಿಲೆಯ ಹೆಸರನ್ನು ಮೊದಲೇ ಹೇಳಬೇಕು. ಬೇಗ ತಿಳಿದರೆ ಶಸ್ತ್ರಚಿಕಿತ್ಸೆ ಇಲ್ಲದೆ ಔಷಧಿಯಿಂದಲೇ ಅಡ್ಡಿ ಕರಗಿಸಲು ಅನೇಕ ಬಾರಿ ಸಾಧ್ಯ.

ಮಗುವಿಗೆ ಮುತ್ತಿಟ್ಟಾಗ ತುಟಿಗೆ ಉಪ್ಪು ಹತ್ತಿದರೆ, ಜಿಡ್ಡಿನ ದುರ್ವಾಸನೆಯ ಮಲ, ಪದೇ ಪದೇ ಕೆಮ್ಮು ಇದ್ದು ತೂಕ ಏರದಿದ್ದರೆ ಬೆವರಿನ ಪರೀಕ್ಷೆಯ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಬೇಕು.